ಮುತ್ತುಗ ಅರಳುವ ಕಾಲಕ್ಕೆ ಉಣುಗಿನ ಕಾಟ

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ಮಲೆನಾಡಿನ ಅಂಚಿನ ಕಾಡುಗಳಲ್ಲಿ ಎಲೆಯುದುರಿಸಿದ ಮುತ್ತುಗ ಕೇಸರಿ ಬಣ್ಣ ತಳೆಯುತ್ತದೆ. ಬೂರುಗದ ಕೆಂಪು ಹೂಗಳು ನೆಲ ತುಂಬಿರುತ್ತವೆ. ಇವನ್ನು ನೋಡಲು ಸಾಕುನಾಯಿಯೊಡನೆ ಹೊರಡುವ ನಗರವಾಸಿಗಳೂ ಉಂಟು.

ಆದರೆ ಮಂಗನ ಕಾಯಿಲೆ ಹರಡುವ ಕಾಲವೂ ಇದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗದ ವೈರಾಣುವನ್ನು ಹರಡುವುದು ಉಣುಗು. ಹೆಸರು ಮಂಗನದಾದರೂ ಪಾಪ, ಮಂಗವೂ ಇದಕ್ಕೆ ಬಲಿಯೇ. ಒಣ ತರಗೆಲೆಗಳ ನಡುವೆ ಕಾದಿರುವ ಮರಿ ಉಣುಗುಗಳು ಎಳ್ಳಿಗಿಂತ ಚಿಕ್ಕವು. ಡಿಸೆಂಬರಿನಿಂದ ಮೇವರೆಗೆ ಅವುಗಳ ಹಾವಳಿ ಹೆಚ್ಚು. ಪೊದೆ ಕಂಡಲ್ಲೆಲ್ಲ ಮೂಗು ತೂರಿಸುವುದು ನಾಯಿಯ ಸ್ವಭಾವವಷ್ಟೆ. ಅದರ ಕೂದಲಿಗೆ ಅಂಟಿದ ಉಣುಗು ಮನೆಯೊಳಗೂ ಬರಬಲ್ಲದು.

ಮಂಗಗಳು ಸತ್ತ ಸುದ್ದಿಯಿರುವ ಕಾಡಿನತ್ತ ಸುಳಿಯದಿರುವುದೇ ಲೇಸು. ಉಳಿದೆಡೆ ನಾಯಿಯನ್ನು ಹಗ್ಗ ಬಿಡದೆ ಕಾಲುದಾರಿಯಲ್ಲೇ ನಡೆಸಿ, ಮರಳಿದೊಡನೆ ಅದರ ಕಿವಿ, ಕತ್ತು, ಬೆರಳ ಸಂದುಗಳನ್ನು ತಡಕಿ ನೋಡಬೇಕು. ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಸ್ನಾನ ಮಾಡುವುದು ಅಗತ್ಯ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.