ತನ್ನ ಸೂರ್ಯನಿಗೇ ತುತ್ತಾಗುತ್ತಿರುವ ಗ್ರಹ

ಇಪ್ಪತ್ತಾರು ಗಂಟೆಗೆ ಒಂದು ವರ್ಷ. ವಾಸ್ಪ್-12ಬಿ ಎಂಬ ಗ್ರಹದ ಲೆಕ್ಕ ಇದು. ನಮ್ಮಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದು ಇನ್ನೆರಡು ಗಂಟೆ ಆಗುವಷ್ಟರಲ್ಲಿ ಅದು ತನ್ನ ಸೂರ್ಯನಿಗೆ ಪೂರ್ತಿ ಒಂದು ಸುತ್ತು ಹಾಕಿ ಮುಗಿಸಿರುತ್ತದೆ. ಓಡುವ ವೇಗ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್. ಹೀಗೆ ಓಡುತ್ತಿರುವುದು ಪುಟ್ಟ ಬಂಡೆಯಲ್ಲ. ತೂಕದಲ್ಲಿ ನಮ್ಮ ಗುರುಗ್ರಹದ ಒಂದೂವರೆ ಪಟ್ಟು, ಅಗಲದಲ್ಲಿ ಗುರುವಿನ ಎರಡರಷ್ಟಕ್ಕೆ ತುಸು ಕಡಿಮೆ ಇರುವ ದೈತ್ಯ ಅನಿಲಗೋಳ ಅದು.

ತನ್ನ ನಕ್ಷತ್ರದಿಂದ ಅದು ಇರುವ ದೂರ ಬರೀ 34 ಲಕ್ಷ ಕಿಲೋಮೀಟರ್. ನಮ್ಮ ಬುಧ ಸೂರ್ಯನಿಂದ ಸರಾಸರಿ 5 ಕೋಟಿ 80 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅಷ್ಟು ದೂರವಿದ್ದೂ ಬುಧದ ಹಗಲಿನಲ್ಲಿ ಸೀಸ ಕರಗುತ್ತದೆ. ವಾಸ್ಪ್-12ಬಿ ಮತ್ತು ಅದರ ನಕ್ಷತ್ರದ ನಡುವಣ ಖಾಲಿ ಜಾಗದಲ್ಲಿ ಅಂಥದೇ ಇನ್ನೊಂದು ನಕ್ಷತ್ರವನ್ನು ತಂದಿಟ್ಟರೆ ಜಾಗ ಅಲ್ಲಿಗೆ ತುಂಬಿಹೋಗುತ್ತದೆ. ಆ ಗ್ರಹದಿಂದ ತಲೆಯೆತ್ತಿ ನೋಡಿದರೆ ಆ ಸೂರ್ಯ ಸುಮಾರು 40 ಡಿಗ್ರಿ ಅಗಲ ಕಾಣಬೇಕು. ನಮ್ಮ ಸೂರ್ಯ ನಮಗೆ ಕಾಣುವುದು ಅರ್ಧ ಡಿಗ್ರಿ.

ಚಳಿಗಾಲದ ರಾತ್ರಿಗಳಲ್ಲಿ ಉತ್ತರಕ್ಕೆ ಮುಖಮಾಡಿ ನಿಂತರೆ ಹಳದಿ ಬಣ್ಣದ ಬ್ರಹ್ಮಹೃದಯ ನಕ್ಷತ್ರ ಎದ್ದು ಕಾಣುತ್ತದೆ. ಅದು ವಿಜಯಸಾರಥಿ ನಕ್ಷತ್ರಪುಂಜದ್ದು. ಅದೇ ಪುಂಜದಲ್ಲಿ, ಮಿಥುನ ರಾಶಿಯ ಕಡೆಗೆ, ಬರಿಗಣ್ಣಿಗೆ ಕಾಣದಷ್ಟು ಮಸುಕಾಗಿ ವಾಸ್ಪ್-12 ಇದೆ. ನಮ್ಮಿಂದ ಸುಮಾರು 1,400 ಜ್ಯೋತಿರ್ವರ್ಷ ದೂರ. ನಮ್ಮ ಸೂರ್ಯನಿಗಿಂತ ಸ್ವಲ್ಪ ದೊಡ್ಡದು, ಸ್ವಲ್ಪ ಬಿಸಿಯದು. ಸ್ಪೇನಿನ ಲಾ ಪಾಲ್ಮಾ ದ್ವೀಪದಲ್ಲಿ, ಛಾಯಾಗ್ರಾಹಕರು ಬಳಸುವಂಥ ಟೆಲಿಫೋಟೋ ಲೆನ್ಸುಗಳನ್ನು ಎಂಟು ಕ್ಯಾಮೆರಾಗಳಿಗೆ ಜೋಡಿಸಿ ಸೂಪರ್‌ವಾಸ್ಪ್ ಯೋಜನೆಯವರು ಆಕಾಶವನ್ನು ಕಾಯುತ್ತಿದ್ದರು. ಅವರ ಕಣ್ಣಿಗೆ ಈ ಗ್ರಹ ಬಿದ್ದ ಸುದ್ದಿ 2008ರಲ್ಲಿ ಹೊರಬಂತು. ಗ್ರಹವನ್ನು ನೇರವಾಗಿ ಯಾರೂ ನೋಡಲಿಲ್ಲ. ನಕ್ಷತ್ರದ ಮುಂದೆ ಅದು ಹಾಯ್ದುಹೋಗುವಾಗ ನಕ್ಷತ್ರದ ಬೆಳಕು ನೂರಕ್ಕೆ ಒಂದೂವರೆ ಪಾಲಿನಷ್ಟು ಕುಗ್ಗುತ್ತದೆ, ಸುಮಾರು ಮೂರು ಗಂಟೆ ಹಾಗೇ ಇರುತ್ತದೆ, ಮತ್ತೆ ಮೊದಲಿನಂತಾಗುತ್ತದೆ. 2004 ಮತ್ತು 2012ರಲ್ಲಿ ನಾವು ಕಂಡ ಶುಕ್ರ ಸಂಕ್ರಮದ ತತ್ತ್ವವೇ ಇಲ್ಲಿಯದೂ.

ಇಂಥ ಗ್ರಹಗಳನ್ನು ಬಿಸಿ ಗುರುಗಳು ಎಂದು ಕರೆಯುವುದು ರೂಢಿ. 1995ರಲ್ಲಿ ಜಿನೀವಾದ ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೊಜ್ ಕಂಡ 51 ಪೆಗಾಸಿ ಬಿ ಈ ಜಾತಿಯ ಮೊದಲನೆಯದು. ಅದರ ವರ್ಷ ನಮ್ಮ ನಾಲ್ಕು ದಿನಗಳಿಗೆ ಸ್ವಲ್ಪ ಹೆಚ್ಚು. ಆ ಶೋಧಕ್ಕೆ 2019ರಲ್ಲಿ ನೊಬೆಲ್ ಬಂತು. ಇವು ಈಗ ಇರುವ ಜಾಗದಲ್ಲೇ ಹುಟ್ಟಿರುವುದು ಕಷ್ಟ ಎಂಬುದು ಬಹುತೇಕ ವಿಜ್ಞಾನಿಗಳ ಅಭಿಪ್ರಾಯ. ದೂರದ ತಂಪಿನಲ್ಲಿ ಹುಟ್ಟಿ, ಅನಿಲದ ತಟ್ಟೆಯೊಳಗೆ ತೇಲಿಕೊಂಡೋ, ಅಕ್ಕಪಕ್ಕದವುಗಳ ಸೆಳೆತಕ್ಕೆ ಸಿಕ್ಕು ಎಸೆಯಲ್ಪಟ್ಟೋ ಒಳಗೆ ಬಂದಿರಬೇಕು. ಹೆಚ್ಚಿನವು ಅಲ್ಲೇ ಕೋಟ್ಯಂತರ ವರ್ಷ ನೆಲೆ ನಿಂತಿವೆ. ವಾಸ್ಪ್-12ಬಿ ಹಾಗೆ ನಿಂತಿಲ್ಲ. ನನ್ನನ್ನು ಅದರ ಕಡೆಗೆ ಎಳೆದದ್ದೂ ಇದೇ ಸಂಗತಿ.

ಮೊದಲು ಅದರ ಬಿಸಿ. ಭೂಮಿಗೆ ಚಂದ್ರ ಒಂದೇ ಮುಖ ತೋರುವಂತೆ ಈ ಗ್ರಹವೂ ತನ್ನ ಸೂರ್ಯನಿಗೆ ಒಂದೇ ಮುಖ ಕೊಟ್ಟು ಸುತ್ತುತ್ತದೆ. ಒಂದು ಬದಿಗೆ ಸದಾ ಹಗಲು, ಇನ್ನೊಂದು ಬದಿಗೆ ಸದಾ ರಾತ್ರಿ. ಹಗಲಿನ ಬದಿಯ ತಾಪ 2,500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಬ್ಬಿಣ ಕರಗಲು 1,538 ಡಿಗ್ರಿ ಸಾಕು. ಈ ಕಾವಿನಲ್ಲಿ ಹೈಡ್ರೋಜನ್ ಅಣುಗಳೇ ಒಡೆದು ಬಿಡಿ ಪರಮಾಣುಗಳಾಗುತ್ತವೆ. ಬೆಳಕನ್ನು ಹಿಂದಕ್ಕೆ ಹೊಡೆಯುವ ಮೋಡಗಳು ಅಲ್ಲಿ ಕಟ್ಟುವುದಿಲ್ಲ. ಹಾಗಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 94 ಪಾಲನ್ನು ಗ್ರಹ ನುಂಗಿಬಿಡುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಟೇಲರ್ ಬೆಲ್ ಮತ್ತು ಸಂಗಡಿಗರು 2017ರಲ್ಲಿ ಹಬಲ್ ದೂರದರ್ಶಕದಿಂದ ಅಳೆದು ಹೇಳಿದ್ದು ಇದನ್ನೇ: ಆಗತಾನೇ ಹಾಕಿದ ಡಾಂಬರು ರಸ್ತೆಯಷ್ಟು ಕಪ್ಪು. ಕಪ್ಪು ಎಂದರೆ ಕತ್ತಲಲ್ಲ ಎಂಬುದನ್ನು ಮರೆಯಬಾರದು. ಹೊರಗಿನ ಬೆಳಕನ್ನು ಮರಳಿ ಕೊಡದಿದ್ದರೂ ಅಷ್ಟು ಕಾದ ಅನಿಲ ತಾನೇ ಕೆಂಪಗೆ ಹೊಳೆಯುತ್ತದೆ.

ಬಿಸಿಗಿಂತ ಕ್ರೂರವಾದದ್ದು ಸೆಳೆತ. ಗ್ರಹದ ಹತ್ತಿರದ ಬದಿಯ ಮೇಲೆ ನಕ್ಷತ್ರದ ಗುರುತ್ವ ಹೆಚ್ಚು, ದೂರದ ಬದಿಯ ಮೇಲೆ ಕಡಿಮೆ. ಈ ವ್ಯತ್ಯಾಸವೇ ನಮ್ಮ ಕಡಲುಗಳಲ್ಲಿ ಉಬ್ಬರವಿಳಿತ ತರುವುದು. ವಾಸ್ಪ್-12ಬಿಯಲ್ಲಿ ಉಬ್ಬರ ಏಳುವುದು ಕಡಲಿನಲ್ಲಲ್ಲ, ಇಡೀ ಗ್ರಹವೇ ನಕ್ಷತ್ರದ ದಿಕ್ಕಿಗೆ ಜಗ್ಗಿ ಉದ್ದವಾಗಿದೆ. ಪ್ರತಿ ಗ್ರಹಕ್ಕೂ ತನ್ನದೆನ್ನುವ ಒಂದು ಎಲ್ಲೆ ಇರುತ್ತದೆ. ಅದರೊಳಗಿನ ಅನಿಲ ಗ್ರಹದ ಹಿಡಿತದಲ್ಲಿ, ಅದರಾಚೆಯದು ನಕ್ಷತ್ರದ ಪಾಲು. ಗ್ರಹ ನಕ್ಷತ್ರಕ್ಕೆ ಹತ್ತಿರವಾದಷ್ಟೂ ಈ ಎಲ್ಲೆ ಕಿರಿದಾಗುತ್ತದೆ. ವಾಸ್ಪ್-12ಬಿ ಕಾವಿಗೆ ಊದಿಕೊಂಡು ತನ್ನ ಎಲ್ಲೆಯ ಹತ್ತಿರಕ್ಕೆ ಬಂದು ನಿಂತಿದೆ. ಅದರ ಮೇಲಣ ತೆಳು ವಾತಾವರಣ ಎಲ್ಲೆ ದಾಟಿ ಹೊರಚೆಲ್ಲುತ್ತಿದೆ.

ಇದು ಊಹೆಯಾಗಿ ಉಳಿಯಲಿಲ್ಲ. 2010ರಲ್ಲಿ ಶುಲಿನ್ ಲಿ ಮತ್ತು ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ಲೆಕ್ಕ ಹಾಕಿ ಈ ಗ್ರಹ ಜಗ್ಗಿ ಹರಿದುಹೋಗುತ್ತಿದೆ ಎಂದು ಬರೆದರು. ಅದೇ ವರ್ಷ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಕರೋಲ್ ಹ್ಯಾಸ್ವೆಲ್ ಅವರ ತಂಡ ಹಬಲ್‌ನ ನೇರಳಾತೀತ ಉಪಕರಣವನ್ನು ಅತ್ತ ತಿರುಗಿಸಿದ ಫಲಿತಾಂಶವೂ ಪ್ರಕಟವಾಯಿತು. ನೇರಳಾತೀತ ಬೆಳಕಿನಲ್ಲಿ ನೋಡಿದಾಗ ಸಂಕ್ರಮ ಇನ್ನೂ ಆಳವಾಗಿ ಕಂಡಿತು. ಅಂದರೆ ಕಣ್ಣಿಗೆ ಕಾಣುವ ಬೆಳಕಿಗೆ ಪಾರದರ್ಶಕವಾದ ಅನಿಲದ ಹೊದಿಕೆ ಗ್ರಹದ ಸುತ್ತ ಬಹು ದೂರದವರೆಗೆ ಹಬ್ಬಿದೆ. ಅದರಲ್ಲಿ ಮ್ಯಾಗ್ನೀಸಿಯಂ ಮೊದಲಾದ ಲೋಹಗಳಿವೆ. ಹಗುರ ಹೈಡ್ರೋಜನ್ ಸೋರಿಹೋಗುವುದು ಬೇರೆ, ಲೋಹದ ಪರಮಾಣುಗಳೂ ಅದರ ಜೊತೆ ಎದ್ದುಹೋಗುವುದು ಬೇರೆ. ಆ ನಕ್ಷತ್ರದ ರೋಹಿತದಲ್ಲಿ ಮ್ಯಾಗ್ನೀಸಿಯಂ ಗೆರೆಗಳ ನಡುಭಾಗ ಪೂರ್ತಿ ಕಪ್ಪಾಗಿರುವುದನ್ನೂ ತಂಡ ಗುರುತಿಸಿತು. ಗ್ರಹ ಎದುರಿಗಿಲ್ಲದಾಗಲೂ ಅದು ಹಾಗೇ ಇತ್ತು. ಗ್ರಹದಿಂದ ಕಿತ್ತುಬಂದ ಅನಿಲ ಇಡೀ ನಕ್ಷತ್ರವನ್ನು ಮುಸುಕಿನಂತೆ ಆವರಿಸಿರಬೇಕು ಎಂದು ಅವರು ಇದನ್ನು ವಿವರಿಸಿದರು.

ಅನಿಲ ಸೋರಿದ ಮಾತ್ರಕ್ಕೆ ಗ್ರಹ ಸಾಯುವುದಿಲ್ಲ. ಎಚ್‌ಡಿ 209458ಬಿ ಎಂಬ ಇನ್ನೊಂದು ಬಿಸಿ ಗುರುವಿನಿಂದ ಸೆಕೆಂಡಿಗೆ ಕನಿಷ್ಠ 10,000 ಟನ್ ಹೈಡ್ರೋಜನ್ ಹೊರಹೋಗುತ್ತಿದೆ ಎಂದು 2003ರಲ್ಲೇ ಅಂದಾಜಾಗಿತ್ತು. ಕೇಳಲು ಭಯಂಕರ. ಆದರೆ ಗ್ರಹದ ರಾಶಿ ಎಷ್ಟು ಅಗಾಧವೆಂದರೆ ಆ ದರದಲ್ಲಿ ನೂರು ಕೋಟಿ ವರ್ಷ ಸೋರಿದರೂ ಸಾವಿರದಲ್ಲಿ ಒಂದು ಪಾಲೂ ಕರಗದು. ವಾಸ್ಪ್-12ಬಿಯ ಆಯುಸ್ಸನ್ನು ನಿಜವಾಗಿ ಕಡಿಯುತ್ತಿರುವುದು ಅದರ ಕುಸಿತ. ಸುತ್ತು ಸುತ್ತಿಗೂ ಅದು ನಕ್ಷತ್ರದ ಕಡೆಗೆ ಇಳಿಯುತ್ತಿದೆ.

ಇಳಿಯುವುದೇಕೆ? ಇಲ್ಲಿಯೂ ಉಬ್ಬರವೇ ಕಾರಣ, ಆದರೆ ಈ ಸಲ ಗ್ರಹ ನಕ್ಷತ್ರದ ಮೈಮೇಲೆ ಎಬ್ಬಿಸುವ ಉಬ್ಬರ. ನಮ್ಮ ಚಂದ್ರನಿಂದಲೇ ತಿಳಿಯೋಣ. ಚಂದ್ರ ಭೂಮಿಯಲ್ಲಿ ಉಬ್ಬರ ಎಬ್ಬಿಸುತ್ತಾನೆ. ಭೂಮಿ ದಿನಕ್ಕೊಮ್ಮೆ ತಿರುಗುತ್ತದೆ, ಚಂದ್ರ ಸುತ್ತಿ ಬರಲು ತಿಂಗಳು ಬೇಕು. ಹಾಗಾಗಿ ಭೂಮಿಯ ತಿರುಗುವಿಕೆ ಆ ಉಬ್ಬನ್ನು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ. ಮುಂದಿರುವ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆದು ಅವನ ಕಕ್ಷೆಯನ್ನು ಹಿಗ್ಗಿಸುತ್ತದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿರುವುದು ಹೀಗೆ. ವಾಸ್ಪ್-12ರಲ್ಲಿ ಎಲ್ಲವೂ ತಲೆಕೆಳಗು. ನಕ್ಷತ್ರ ನಿಧಾನಕ್ಕೆ ತಿರುಗುತ್ತದೆ, ಗ್ರಹ ಅದಕ್ಕಿಂತ ಬಹು ಬೇಗ ಸುತ್ತುತ್ತದೆ. ಉಬ್ಬು ಗ್ರಹಕ್ಕಿಂತ ಹಿಂದೆ ಬೀಳುತ್ತದೆ, ಹಿಂದಿನಿಂದ ಎಳೆಯುತ್ತದೆ, ಗ್ರಹ ಒಳಕ್ಕೆ ಕುಸಿಯುತ್ತದೆ. ಮಂಗಳನ ಉಪಗ್ರಹ ಫೋಬೋಸ್‌ಗೂ ಇದೇ ಗತಿ: ಮಂಗಳ ತಿರುಗುವುದಕ್ಕಿಂತ ಬೇಗ ಅದು ಸುತ್ತುತ್ತದೆ, ಹಾಗಾಗಿ ನೂರು ವರ್ಷಕ್ಕೆ ಸುಮಾರು 1.8 ಮೀಟರ್ ಕೆಳಗಿಳಿಯುತ್ತಿದೆ.

1,400 ಜ್ಯೋತಿರ್ವರ್ಷ ದೂರದ, ಕಣ್ಣಿಗೇ ಕಾಣದ ಗ್ರಹ ಒಳಗಿಳಿಯುತ್ತಿದೆ ಎಂದು ತಿಳಿದದ್ದು ಹೇಗೆ? ಗಡಿಯಾರದಿಂದ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಕಕ್ಷೆ ಕಿರಿದಾದರೆ ಸುತ್ತುವ ಅವಧಿಯೂ ಕಡಿಮೆಯಾಗುತ್ತದೆ. ವಾಸ್ಪ್-12ಬಿಯ 'ವರ್ಷ' ನಮ್ಮ ಪ್ರತಿ ವರ್ಷಕ್ಕೆ 29 ಮಿಲಿಸೆಕೆಂಡಿನಷ್ಟು ಚಿಕ್ಕದಾಗುತ್ತಿದೆ. ರೆಪ್ಪೆ ಬಡಿಯುವುದರೊಳಗೆ ಮುಗಿದುಹೋಗುವ ಸಮಯ ಅದು. ಒಂದು ಸಂಕ್ರಮದಲ್ಲಿ ಅದನ್ನು ಅಳೆಯುವುದು ಸಾಧ್ಯವಿಲ್ಲ. ಆದರೆ ಗ್ರಹ ವರ್ಷಕ್ಕೆ 334 ಸುತ್ತು ಹಾಕುತ್ತದೆ, ಪ್ರತಿ ಸುತ್ತಿನ ಉಳಿತಾಯ ಮುಂದಿನದರ ಮೇಲೆ ಕೂಡಿಕೊಳ್ಳುತ್ತದೆ. ಹತ್ತು ವರ್ಷ ಕಾದರೆ, ಅವಧಿ ಬದಲಾಗದಿದ್ದರೆ ಬರಬೇಕಿದ್ದ ಹೊತ್ತಿಗಿಂತ ಸುಮಾರು ಎಂಟು ನಿಮಿಷ ಮೊದಲೇ ಸಂಕ್ರಮ ಶುರುವಾಗುತ್ತದೆ. ಎಂಟು ನಿಮಿಷವನ್ನು ಯಾರು ಬೇಕಾದರೂ ಅಳೆಯಬಹುದು. ಬೇಕಾದದ್ದು ಹತ್ತು ವರ್ಷದ ತಾಳ್ಮೆ.

ಸಂಕ್ರಮಗಳು ಬೇಗ ಬರುತ್ತಿವೆ ಎಂದು ಪೋಲೆಂಡಿನ ಮಾಚೆಯೆವ್‌ಸ್ಕಿ ಮತ್ತು ಸಂಗಡಿಗರು 2016ರಲ್ಲಿ ಮೊದಲು ವರದಿ ಮಾಡಿದಾಗ ಯಾರೂ ಅದನ್ನು ಕೂಡಲೇ ಕುಸಿತವೆಂದು ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ. ಕಕ್ಷೆ ಪೂರ್ತಿ ದುಂಡಗಿರದೆ ತುಸು ದೀರ್ಘವೃತ್ತವಾಗಿದ್ದು, ಆ ದೀರ್ಘವೃತ್ತವೇ ನಿಧಾನವಾಗಿ ದಿಕ್ಕು ಬದಲಿಸುತ್ತಿದ್ದರೂ ಸಂಕ್ರಮದ ಹೊತ್ತು ಹೀಗೆ ಜಾರುತ್ತದೆ. ಇಡೀ ನಕ್ಷತ್ರ ನಮ್ಮ ಕಡೆಗೆ ವೇಗ ಹೆಚ್ಚಿಸಿಕೊಂಡು ಬರುತ್ತಿದ್ದರೂ ಬೆಳಕು ಬೇಗ ತಲುಪಿ ಅದೇ ಭ್ರಮೆ ಹುಟ್ಟುತ್ತದೆ. ಇವೆರಡನ್ನೂ ತಳ್ಳಿಹಾಕಬೇಕಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಯೀ, ಜೋಶುವಾ ವಿನ್ ಮತ್ತು ಸಂಗಡಿಗರು ಹಿಡಿದ ದಾರಿ ಚೆನ್ನಾಗಿದೆ. ಗ್ರಹ ನಕ್ಷತ್ರದ ಮುಂದೆ ಹಾಯುವ ಹೊತ್ತಿನ ಜೊತೆಗೆ, ನಕ್ಷತ್ರದ ಹಿಂದೆ ಮರೆಯಾಗುವ ಹೊತ್ತನ್ನೂ ಅವರು ಸ್ಪಿಟ್ಜರ್ ಎಂಬ ಅವಕೆಂಪು ದೂರದರ್ಶಕದಿಂದ ಅಳೆದರು. ದೀರ್ಘವೃತ್ತ ತಿರುಗುತ್ತಿದ್ದರೆ ಒಂದು ಬೇಗ, ಇನ್ನೊಂದು ತಡವಾಗಬೇಕು. ಕುಸಿತವಾಗಿದ್ದರೆ ಎರಡೂ ಬೇಗ ಬರಬೇಕು. ಎರಡೂ ಬೇಗ ಬಂದವು. ನಕ್ಷತ್ರದ ವೇಗದ ಅಳತೆಗಳು ಇನ್ನೊಂದು ಶಂಕೆಯನ್ನೂ ನಿವಾರಿಸಿದವು. 2019ರ ಕೊನೆಗೆ ಅವರು ತೀರ್ಪು ಕೊಟ್ಟರು: ಕಕ್ಷೆ ಕುಸಿಯುತ್ತಿದೆ. ಈಗಿನ ದರವೇ ಮುಂದುವರಿದರೂ ಸುಮಾರು 32 ಲಕ್ಷ ವರ್ಷ. ಹತ್ತಿರವಾದಷ್ಟೂ ಉಬ್ಬರದ ಹಿಡಿತ ಬಿಗಿಯಾಗುವುದರಿಂದ ನಿಜವಾದ ಆಯುಸ್ಸು ಇನ್ನೂ ಕಡಿಮೆ.

ಈ ಗಡಿಯಾರಕ್ಕೆ ನಮ್ಮವರ ಕೈಯೂ ಸೇರಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಲಡಾಖಿನ ಹಾನ್ಲೆಯ ಎರಡು ಮೀಟರ್ ದೂರದರ್ಶಕ ಮತ್ತು ತಮಿಳುನಾಡಿನ ಕಾವಲೂರಿನ ದೂರದರ್ಶಕಗಳಿಂದ ಐದು ಸಮೀಪ ಗ್ರಹಗಳ ಸಂಕ್ರಮಗಳನ್ನು ಅಳೆದು 2019ರಲ್ಲಿ ಪ್ರಕಟಿಸಿದರು. ವಾಸ್ಪ್-12ಬಿ ಆ ಐದರಲ್ಲೊಂದು. ಹಾನ್ಲೆಯ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯ ಕೇಂದ್ರದಿಂದ, ಉಪಗ್ರಹದ ಸಂಪರ್ಕದ ಮೂಲಕ.

ಹತ್ತಿರವಿದ್ದ ಮಾತ್ರಕ್ಕೆ ಎಲ್ಲ ಗ್ರಹಗಳೂ ಹೀಗೆ ಬೀಳುವುದಿಲ್ಲ. ವಾಸ್ಪ್-18ಬಿ ಗುರುವಿನ ಹತ್ತು ಪಟ್ಟು ತೂಗುತ್ತದೆ, ಅದರ ವರ್ಷ ಒಂದು ದಿನಕ್ಕಿಂತ ಕಡಿಮೆ. ಆದರೂ ಅದರ ಅವಧಿ ಕುಗ್ಗಿದ್ದು ಇದುವರೆಗಿನ ಅಳತೆಗಳಲ್ಲಿ ಕಂಡಿಲ್ಲ. ಉಬ್ಬರದ ಶಕ್ತಿಯನ್ನು ನಕ್ಷತ್ರದ ಒಡಲು ಎಷ್ಟು ಬೇಗ ಅರಗಿಸಿಕೊಳ್ಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2022ರಲ್ಲಿ ಕೆಪ್ಲರ್-1658ಬಿಯೂ ಕುಸಿಯುತ್ತಿದೆ ಎಂದು ಗೊತ್ತಾಯಿತು, ವರ್ಷಕ್ಕೆ 131 ಮಿಲಿಸೆಕೆಂಡಿನ ದರದಲ್ಲಿ. ಅದರ ನಕ್ಷತ್ರ ವಯಸ್ಸಾಗಿ ಹಿಗ್ಗಲು ತೊಡಗಿರುವಂಥದು. ಸಾಯುವ ಗ್ರಹಗಳ ಮೂಲಕವೇ ನಾವು ನಕ್ಷತ್ರಗಳ ಒಳಗನ್ನು ಓದುತ್ತಿದ್ದೇವೆ.

ಕೊನೆಯ ಗಳಿಗೆ ಹೇಗಿರುತ್ತದೆ ಎಂಬುದಕ್ಕೂ ಒಂದು ಸಾಕ್ಷಿ ಸಿಕ್ಕಿದೆ. 2020ರಲ್ಲಿ ಗರುಡ ನಕ್ಷತ್ರಪುಂಜದಲ್ಲಿ, ಸುಮಾರು 12,000 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರ ಹತ್ತೇ ದಿನಗಳಲ್ಲಿ ನೂರು ಪಟ್ಟು ಬೆಳಗಿ, ಆಮೇಲೆ ಮಂಕಾಯಿತು. ಅದನ್ನು ಬೆನ್ನುಹತ್ತಿದವರು ಕಿಶಲಯ್ ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪದವಿ ಓದಿ ಅಮೆರಿಕಕ್ಕೆ ಹೋದವರು. ಎರಡು ನಕ್ಷತ್ರಗಳು ಕೂಡಿಕೊಂಡಾಗ ಬರುವ ಶಕ್ತಿಯ ಸಾವಿರದ ಒಂದು ಪಾಲು ಮಾತ್ರ ಇಲ್ಲಿ ಹೊರಬಿದ್ದಿತ್ತು. ಗುರುಗ್ರಹ ಸೂರ್ಯನ ತೂಕದ ಸಾವಿರದ ಒಂದು ಪಾಲು. ನಕ್ಷತ್ರ ನುಂಗಿದ್ದು ಗುರುವಿನಂಥ ಗ್ರಹವನ್ನು ಎಂದು 2023ರಲ್ಲಿ ಅವರ ತಂಡ ಪ್ರಕಟಿಸಿತು. ನಕ್ಷತ್ರ ಮುಪ್ಪಿನಲ್ಲಿ ಉಬ್ಬಿ ಗ್ರಹವನ್ನು ನುಂಗಿರಬೇಕು ಎಂಬುದು ಮೊದಲ ಊಹೆ. 2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಅಳತೆಗಳು ಬೇರೆಯೇ ಹೇಳಿದವು. ಉಬ್ಬಿದ ನಕ್ಷತ್ರಕ್ಕೆ ಇರಬೇಕಾದಷ್ಟು ಪ್ರಕಾಶ ಅದಕ್ಕಿಲ್ಲ. ಗ್ರಹವೇ ಕಕ್ಷೆ ಕಿರಿದಾಗುತ್ತ ಒಳಕ್ಕೆ ಬಂದು ಬಿದ್ದಿರುವ ಸಾಧ್ಯತೆಯೇ ಹೆಚ್ಚು, ವಾಸ್ಪ್-12ಬಿ ಈಗ ಹಿಡಿದಿರುವ ದಾರಿಯಲ್ಲೇ.

ಈ ಕೆಲಸ ದೊಡ್ಡ ದೂರದರ್ಶಕಗಳ ಸ್ವತ್ತಲ್ಲ. ಎಂಟು ಇಂಚಿನ ದೂರದರ್ಶಕ, ಅದಕ್ಕೊಪ್ಪುವ ಕ್ಯಾಮೆರಾ, ಸರಿಯಾದ ಗಡಿಯಾರ ಇದ್ದರೆ ವಾಸ್ಪ್-12ಬಿಯ ಸಂಕ್ರಮವನ್ನು ಹವ್ಯಾಸಿಗಳೂ ಹಿಡಿಯಬಹುದು. ಜಗತ್ತಿನ ಹಲವೆಡೆ ಹಿಡಿಯುತ್ತಲೂ ಇದ್ದಾರೆ. ಇಂಥ ಅಳತೆಗಳನ್ನು ಸ್ವೀಕರಿಸಲೆಂದೇ ನಾಸಾದ 'ಎಕ್ಸೋಪ್ಲಾನೆಟ್ ವಾಚ್' ಯೋಜನೆ ಇದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಆಕಾಶ ತಿಳಿಯಾಗಿರುತ್ತದೆ, ಆಗಲೇ ಆ ನಕ್ಷತ್ರ ರಾತ್ರಿ ನೆತ್ತಿಯ ಹತ್ತಿರ ಬರುತ್ತದೆ. ನಮ್ಮ ಕಾಲೇಜುಗಳ ಖಗೋಳ ಕೂಟಗಳು ವರ್ಷಕ್ಕೆ ಒಂದೆರಡು ಸಂಕ್ರಮವನ್ನಾದರೂ ಅಳೆದು, ಬಿಡದೆ ಬರೆದಿಡಲಿ. ಮುಂದಿನ ವಿದ್ಯಾರ್ಥಿಗಳು ಅದೇ ಪುಸ್ತಕದಲ್ಲಿ ಮುಂದುವರಿಸಲಿ.