ಆಸ್ಪತ್ರೆಗೆ ಬಾರದ ಡೆಂಗೆಗೆ ರಕ್ತವೇ ಸಾಕ್ಷಿ

ದೇಶದಲ್ಲಿ 2017ರಲ್ಲಿ ಅಧಿಕೃತವಾಗಿ ದಾಖಲಾದ ಡೆಂಗೆ ಪ್ರಕರಣಗಳ ಸಂಖ್ಯೆ 1,88,401. ಅದೇ ವರ್ಷ ಆರಂಭವಾದ ರಾಷ್ಟ್ರವ್ಯಾಪಿ ರಕ್ತ ಸಮೀಕ್ಷೆಯೊಂದು ಬೇರೆಯೇ ಚಿತ್ರವನ್ನು ಮುಂದಿಟ್ಟಿತು. ಅದರ ಪ್ರಕಾರ, ಆ ವರ್ಷ 5ರಿಂದ 45 ವರ್ಷದೊಳಗಿನವರಲ್ಲೇ ಸುಮಾರು 86 ಲಕ್ಷದಿಂದ 1.3 ಕೋಟಿ ಜನರಿಗೆ ಮೊದಲ ಬಾರಿ ಡೆಂಗೆ ಸೋಂಕು ತಗುಲಿತ್ತೆಂಬ ಅಂದಾಜಿದೆ.

ಈ ಅಂತರಕ್ಕೆ ಕಾರಣ ಸರಳ. ಡೆಂಗೆ ವೈರಸ್ ಹೊಕ್ಕವರಲ್ಲಿ ಹೆಚ್ಚಿನವರಿಗೆ ರೋಗಲಕ್ಷಣಗಳೇ ಕಾಣಿಸವು. ಕಂಡರೂ ಸಾಧಾರಣ ಜ್ವರವಾಗಿ ಬಂದು ಹೋಗುತ್ತದೆ. ಆಸ್ಪತ್ರೆಯ ಕಡತಕ್ಕೆ ಸಿಗದ ಇಂತಹ ಸೋಂಕು ರಕ್ತದಲ್ಲಿ ಮಾತ್ರ ಗುರುತು ಉಳಿಸಿರುತ್ತದೆ.

ಪತ್ತೆ ಹೇಗೆ?

ವೈರಸ್ ವಿರುದ್ಧ ಹೋರಾಡಲು ದೇಹವು ಪ್ರತಿಕಾಯಗಳೆಂಬ ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ಮೊದಲು ಮೂಡುವ ಐಜಿಎಂ ಕೆಲವು ತಿಂಗಳಲ್ಲಿ ಕ್ಷೀಣಿಸುತ್ತದೆ. ಐಜಿಜಿ ವರ್ಷಗಟ್ಟಲೆ ಉಳಿಯುತ್ತದೆ. ಸಮೀಕ್ಷೆಗಳಲ್ಲಿ ಆರೋಗ್ಯವಂತರ ರಕ್ತವನ್ನೂ ಸಂಗ್ರಹಿಸಿ, ಎಲಿಸಾ ಪರೀಕ್ಷೆಯಿಂದ ಐಜಿಜಿಯನ್ನು ಹುಡುಕಲಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017-18ರಲ್ಲಿ 15 ರಾಜ್ಯಗಳ 12,300 ಜನರನ್ನು ಹೀಗೆ ಪರೀಕ್ಷಿಸಿತು. ಶೇ. 48.7ರಷ್ಟು ಮಂದಿಗೆ ಅದಾಗಲೇ ಡೆಂಗೆ ತಗುಲಿತ್ತು. ಐದರಿಂದ ಎಂಟು ವರ್ಷದ ಮಕ್ಕಳಲ್ಲಿ ಈ ಪ್ರಮಾಣ ಶೇ. 28.3, 9ರಿಂದ 17 ವರ್ಷದವರಲ್ಲಿ ಶೇ. 41, ವಯಸ್ಕರಲ್ಲಿ ಶೇ. 56.2. ದಕ್ಷಿಣ ವಲಯದಲ್ಲಂತೂ ಇದು ಶೇ. 76.9ಕ್ಕೆ ಮುಟ್ಟಿತ್ತು. ಇದೇ ಮಾದರಿಗಳಲ್ಲಿ ಚಿಕೂನ್‌ಗುನ್ಯಾ ಪ್ರತಿಕಾಯ ದೇಶದಲ್ಲಿ ಶೇ. 18.1, ದಕ್ಷಿಣದಲ್ಲಿ ಶೇ. 43.1ರಷ್ಟು ಜನರಲ್ಲಿ ಕಂಡುಬಂತು.

ಲಸಿಕೆಯ ಪಾಠ

ಈ ಅಂಕಿಅಂಶಗಳು ಕೇವಲ ತಜ್ಞರ ಕುತೂಹಲಕ್ಕಲ್ಲ ಎಂಬುದನ್ನು ಫಿಲಿಪ್ಪೀನ್ಸ್ ತೋರಿಸಿಕೊಟ್ಟಿದೆ. ಅಲ್ಲಿ 2016ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ 'ಡೆಂಗ್‌ವ್ಯಾಕ್ಸಿಯಾ' ಲಸಿಕೆ ಹಾಕಲಾಯಿತು. ಹಿಂದೆ ಡೆಂಗೆ ತಗುಲದವರು ಈ ಲಸಿಕೆ ಪಡೆದ ಬಳಿಕ ಸೋಂಕಿಗೆ ಒಳಗಾದರೆ ರೋಗ ಉಲ್ಬಣಿಸುವ ಅಪಾಯ ಹೆಚ್ಚು ಎಂದು 2017ರ ನವೆಂಬರ್‌ನಲ್ಲಿ ತಯಾರಕ ಸಂಸ್ಥೆ ಸನೋಫಿಯೇ ಪ್ರಕಟಿಸಿತು. ಮರುತಿಂಗಳೇ ಕಾರ್ಯಕ್ರಮ ಸ್ಥಗಿತಗೊಂಡಿತು.

ಡೆಂಗೆ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕಿನ ನಂತರ ಮತ್ತೊಂದು ಬಗೆ ತಗುಲಿದಾಗ ರೋಗ ತೀವ್ರವಾಗುವ ಸಾಧ್ಯತೆ ಹೆಚ್ಚು. ಸೋಂಕನ್ನೇ ಕಾಣದ ಮಕ್ಕಳ ದೇಹಕ್ಕೆ ಲಸಿಕೆಯೇ ಮೊದಲ ಸೋಂಕಿನಂತೆ ವರ್ತಿಸಿತೆಂಬುದು ತಜ್ಞರ ವಿವರಣೆ. ಹೀಗಾಗಿ ಲಸಿಕೆಗೆ ಮುನ್ನ ಪ್ರತಿಯೊಬ್ಬರ ರಕ್ತಪರೀಕ್ಷೆ ನಡೆಯಬೇಕು. ಅದು ಸಾಧ್ಯವಾಗದಿದ್ದರೆ, ಒಂಬತ್ತು ವರ್ಷದ ವೇಳೆಗೆ ಕನಿಷ್ಠ ಶೇ. 80ರಷ್ಟು ಮಕ್ಕಳಿಗೆ ಸೋಂಕು ತಗುಲಿರುವ ಪ್ರದೇಶಗಳಲ್ಲಷ್ಟೇ ಈ ಲಸಿಕೆಯನ್ನು ಪರಿಗಣಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸೂಚಿಸಿತು. ಆ ಶೇಕಡಾವಾರು ತಿಳಿಯಲು ಸಮೀಕ್ಷೆಯ ಹೊರತು ಅನ್ಯ ಮಾರ್ಗವಿಲ್ಲ.

ಮಿತಿಗಳೂ ಇವೆ

ಡೆಂಗೆ, ಜೀಕಾ, ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್‌ಗಳು ಒಂದೇ ಕುಲಕ್ಕೆ ಸೇರಿದವು. ಒಂದರ ವಿರುದ್ಧದ ಪ್ರತಿಕಾಯ ಮತ್ತೊಂದರ ಪರೀಕ್ಷೆಯಲ್ಲೂ ಸ್ಪಂದಿಸಬಲ್ಲದು. ಭಾರತೀಯರ ರಕ್ತದಲ್ಲಿ ಜೀಕಾ ಪ್ರತಿಕಾಯವಿದೆಯೆಂದು 1954ರಲ್ಲೇ ಅಧ್ಯಯನವೊಂದು ವರದಿ ಮಾಡಿತ್ತು. ಅದು ನಿಜಕ್ಕೂ ಜೀಕಾದ್ದೇ ಎಂಬ ಅನುಮಾನ ಈ ಕಾರಣದಿಂದಲೇ ಉಳಿದಿದೆ. ಅಂತಹ ಸಂದರ್ಭಗಳಲ್ಲಿ, ಪ್ರತಿಕಾಯವು ಜೀವಂತ ವೈರಸ್ಸನ್ನು ತಡೆಯುವುದೇ ಎಂದು ನೋಡುವ ಹೆಚ್ಚು ನಿಖರವಾದ, ಆದರೆ ದುಬಾರಿಯಾದ ಪರೀಕ್ಷೆ ಅಗತ್ಯವಾಗುತ್ತದೆ. ಅದರ ಫಲಿತಾಂಶಕ್ಕೂ ಎಚ್ಚರಿಕೆಯ ವ್ಯಾಖ್ಯಾನ ಬೇಕು.

ಪ್ರತಿಕಾಯವಿದೆಯೆಂದ ಮಾತ್ರಕ್ಕೆ ಡೆಂಗೆಯ ಭಯವಿಲ್ಲ ಎಂದರ್ಥವಲ್ಲ. ದಕ್ಷಿಣದ ಶೇ. 76.9ರಲ್ಲಿ ಎರಡನೇ ಸೋಂಕಿನ ಅಪಾಯ ಹೊತ್ತವರೂ ಇದ್ದಾರೆ. ನೀರಿನ ತೊಟ್ಟಿಯನ್ನು ಮುಚ್ಚಿಡುವ, ಸೊಳ್ಳೆ ಮರಿಗಳ ನೆಲೆ ತಪ್ಪಿಸುವ ಕೆಲಸದಿಂದ ಅವರಿಗೂ ವಿನಾಯಿತಿಯಿಲ್ಲ.