ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರದ ನಿಧಾನ ತೂಕ ಇಳಿಕೆ

ತೀವ್ರ ಸ್ಥೂಲಕಾಯತೆಯ ಚಿಕಿತ್ಸೆಗಾಗಿ ಜಠರದ ಮೇಲೆ, ಕೆಲವೊಮ್ಮೆ ಸಣ್ಣಕರುಳಿನ ಮೇಲೂ ನಡೆಸುವ ಶಸ್ತ್ರಚಿಕಿತ್ಸೆಗಳಿಗೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂಬ ಸಾಮಾನ್ಯ ಹೆಸರಿದೆ. ಹೆಸರಿನ ಮೂಲ ಗ್ರೀಕ್ ಭಾಷೆಯಲ್ಲಿ ತೂಕ ಎಂಬ ಅರ್ಥವುಳ್ಳ 'ಬಾರೋಸ್' ಪದ. ಕೇಳಲು ನಮ್ಮ 'ಭಾರ'ದಂತಿದ್ದರೂ ಅದರ ನಿಜವಾದ ಬಂಧು ಸಂಸ್ಕೃತದ 'ಗುರು' ಶಬ್ದ. ಈ ಚಿಕಿತ್ಸೆ ಪಡೆದವರಲ್ಲಿ ಹಲವರಿಗೆ ಮೊದಲ ಕೆಲವು ವಾರ ತೂಕ ಬೇಗ ಇಳಿದು, ನಂತರ ಇಳಿಕೆ ನಿಧಾನವಾಗುತ್ತದೆ ಅಥವಾ ಕೆಲಕಾಲ ನಿಂತೇಬಿಡುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಇದು ದೇಹದ ಸಹಜ ವರ್ತನೆ. ಆದರೆ ಇದನ್ನು ಸೋಲೆಂದು ಭಾವಿಸಿ ಊಟವನ್ನು ಇನ್ನಷ್ಟು ಕಡಿತಗೊಳಿಸುವುದು, ಮಾತ್ರೆಗಳನ್ನು ಬಿಡುವುದು, ವೈದ್ಯರ ಭೇಟಿಯನ್ನು ತಪ್ಪಿಸುವುದು ನಿಧಾನ ಇಳಿಕೆಗಿಂತ ಹೆಚ್ಚಿನ ಹಾನಿ ಮಾಡುತ್ತವೆ.

ಶಸ್ತ್ರಚಿಕಿತ್ಸೆಯ ಸ್ವರೂಪ

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ 1966ರಲ್ಲಿ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವವು ಎರಡು. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಕಿರಿದಾದ ಕೊಳವೆಯಂತೆ ಮಾಡಲಾಗುತ್ತದೆ. ಬೈಪಾಸ್ ವಿಧಾನದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವೊಂದನ್ನು ರೂಪಿಸಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ಆಹಾರದ ಪ್ರಮಾಣ ತಗ್ಗುವುದರ ಜೊತೆಗೆ ಹಸಿವು ಮತ್ತು ತೃಪ್ತಿಗೆ ಸಂಬಂಧಿಸಿದ ಹಾರ್ಮೋನುಗಳೂ ಬದಲಾಗುತ್ತವೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಬಹುಪಾಲು ಸ್ರವಿಸುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಿಂದಲೇ.

ಇಳಿಕೆಯ ಗತಿ

ತೂಕ ಇಳಿಯುವುದು ಸರಳರೇಖೆಯಲ್ಲಲ್ಲ. ಮೊದಲ ಮೂರು ತಿಂಗಳು ವೇಗ ಹೆಚ್ಚು. ಆರು ತಿಂಗಳ ನಂತರ ಅದು ತಗ್ಗುತ್ತ ಬಂದು, ಸಾಮಾನ್ಯವಾಗಿ 12ರಿಂದ 18 ತಿಂಗಳೊಳಗೆ ತೂಕ ಒಂದು ಮಟ್ಟದಲ್ಲಿ ನೆಲೆ ನಿಲ್ಲುತ್ತದೆ. ಆನಂತರ ಸ್ವಲ್ಪ ತೂಕ ಮರಳುವುದೂ ಉಂಟು. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘಕಾಲೀನ ಅಧ್ಯಯನದ ಫಲಿತಾಂಶಗಳು 2007ರಲ್ಲಿ ಪ್ರಕಟವಾದವು. ಬೈಪಾಸ್ ಮಾಡಿಸಿಕೊಂಡವರ ತೂಕ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ಇಳಿದು, ಹತ್ತು ವರ್ಷಗಳ ಹೊತ್ತಿಗೆ ಇಳಿಕೆ ಶೇ. 25ರಲ್ಲಿ ನಿಂತಿತ್ತು. ಹೀಗೆ ಒಂದಿಷ್ಟು ತೂಕ ಮರಳಿದ್ದರೂ, ಶಸ್ತ್ರಚಿಕಿತ್ಸೆ ಪಡೆದ ಗುಂಪಿನಲ್ಲಿ ಮರಣ ಪ್ರಮಾಣ ಪಡೆಯದವರ ಗುಂಪಿಗಿಂತ ಕಡಿಮೆಯಿತ್ತು ಎಂಬುದು ಆ ಅಧ್ಯಯನದ ಮುಖ್ಯ ನಿರ್ಣಯ.

ವಯಸ್ಸು, ಲಿಂಗ, ಆರಂಭದ ತೂಕ, ಮಧುಮೇಹ, ಶಸ್ತ್ರಚಿಕಿತ್ಸೆಯ ವಿಧ ಇವೆಲ್ಲವೂ ವೇಗವನ್ನು ನಿರ್ಧರಿಸುತ್ತವೆ. ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಇಬ್ಬರನ್ನು ಹೋಲಿಸುವುದರಲ್ಲಿಯೂ ಅರ್ಥವಿಲ್ಲ.

ಮೂರನೆಯ ವಾರದ ತಡೆ

ಶಸ್ತ್ರಚಿಕಿತ್ಸೆಯಾಗಿ ಸುಮಾರು ಮೂರು ವಾರ ಕಳೆದಾಗ ತೂಕದ ಮುಳ್ಳು ಏಕಾಏಕಿ ಅಲುಗಾಡದಂತಾಗುವುದು ಬಹುಜನರ ಅನುಭವ. ಇದಕ್ಕೆ ಕಾರಣ ನೀರು. ಯಕೃತ್ತು ಮತ್ತು ಸ್ನಾಯುಗಳು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಆಹಾರ ಹಠಾತ್ತನೆ ಕಡಿಮೆಯಾದಾಗ ಈ ದಾಸ್ತಾನು ಮೊದಲು ಕರಗಿ ನೀರು ಹೊರಹೋಗುತ್ತದೆ. ಆರಂಭದ ವೇಗದ ಇಳಿಕೆಯಲ್ಲಿ ಇದರ ಪಾಲು ದೊಡ್ಡದು. ಬಳಿಕ ದೇಹ ನೀರಿನ ಸಮತೋಲವನ್ನು ಸರಿಪಡಿಸಿಕೊಳ್ಳುವಾಗ, ಒಳಗೆ ಕೊಬ್ಬು ಕರಗುತ್ತಿದ್ದರೂ ಹೊರಗೆ ತೂಕ ಕೆಲವು ದಿನ, ಕೆಲವೊಮ್ಮೆ ಒಂದೆರಡು ವಾರ ಹಾಗೆಯೇ ತೋರುತ್ತದೆ.

ತಿಂಗಳುಗಳ ನಂತರ ಬರುವ ನಿಧಾನಗತಿಗೆ ಕಾರಣ ಬೇರೆ. 110 ಕಿಲೋಗ್ರಾಂ ದೇಹಕ್ಕೆ ನಡೆಯಲು, ಉಸಿರಾಡಲು ಬೇಕಿದ್ದಷ್ಟು ಶಕ್ತಿ 85 ಕಿಲೋಗ್ರಾಂ ದೇಹಕ್ಕೆ ಬೇಡ. ಅದಲ್ಲದೆ ಕೊರತೆಯನ್ನು ಅರಿತ ದೇಹ ವಿಶ್ರಾಂತಿಯಲ್ಲಿಯೂ ಮಿತವ್ಯಯ ಆರಂಭಿಸುತ್ತದೆ. 1944-45ರಲ್ಲಿ ಆನ್ಸೆಲ್ ಕೀಸ್ ಮಿನ್ನೆಸೋಟಾದಲ್ಲಿ 36 ಮಂದಿ ಸ್ವಯಂಸೇವಕರನ್ನು ಅರೆಹೊಟ್ಟೆಯಲ್ಲಿರಿಸಿ ನಡೆಸಿದ ಪ್ರಯೋಗದಲ್ಲಿ, ತೂಕ ಇಳಿದಂತೆಲ್ಲ ಅವರ ದೇಹದ ಶಕ್ತಿವ್ಯಯವೂ ಗಣನೀಯವಾಗಿ ತಗ್ಗಿದ್ದು ಕಂಡುಬಂದಿತು. ಆ ಯುವಕರು ಸ್ಥೂಲಕಾಯರಾಗಿರಲಿಲ್ಲ. ದೇಹದ ಈ ಜಾಣ್ಮೆ ಬೊಜ್ಜಿನವರಿಗೆ ಮಾತ್ರ ಸೀಮಿತವಲ್ಲ.

ಲೆಕ್ಕದ ಗೊಂದಲ

'ಹೆಚ್ಚುವರಿ ತೂಕದ ಶೇಕಡ ಇಷ್ಟು ಇಳಿಯಬೇಕು' ಎಂಬ ಮಾತನ್ನು ರೋಗಿಗಳು ಪದೇ ಪದೇ ಕೇಳುತ್ತಾರೆ. ಈ ಅಳತೆಯನ್ನು ಎಚ್ಚರದಿಂದ ಓದಬೇಕು. 160 ಸೆಂಟಿಮೀಟರ್ ಎತ್ತರದ, 110 ಕಿಲೋಗ್ರಾಂ ತೂಕದ ಮಹಿಳೆಯೊಬ್ಬರು 23 ಕಿಲೋಗ್ರಾಂ ಕಳೆದುಕೊಂಡರೆಂದು ಇಟ್ಟುಕೊಳ್ಳೋಣ. ದೇಹತೂಕ ಸೂಚ್ಯಂಕ 25 ಇರುವುದನ್ನು ಆದರ್ಶವೆಂದು ಹಿಡಿದರೆ ಅವರ ಆದರ್ಶ ತೂಕ 64 ಕಿಲೋಗ್ರಾಂ, ಹೆಚ್ಚುವರಿ ತೂಕ 46 ಕಿಲೋಗ್ರಾಂ. ಆದ್ದರಿಂದ ಅವರು ಹೆಚ್ಚುವರಿಯಲ್ಲಿ ಶೇ. 50 ಕಳೆದುಕೊಂಡಂತಾಯಿತು. ಏಷ್ಯಾದವರಿಗೆ ಹಲವೆಡೆ ಬಳಸುವ 23ರ ಮಿತಿಯನ್ನು ಹಿಡಿದರೆ ಅದೇ ಇಳಿಕೆ ಶೇ. 45 ಆಗುತ್ತದೆ. ಒಟ್ಟು ತೂಕದ ಲೆಕ್ಕದಲ್ಲಿ ಅದು ಶೇ. 21ರಷ್ಟು. ವ್ಯಕ್ತಿ ಒಬ್ಬರೇ, ಕಳೆದುಕೊಂಡ ತೂಕವೂ ಒಂದೇ. ಅಂಕಪಟ್ಟಿ ಮಾತ್ರ ಮೂರು! ಒಟ್ಟು ತೂಕದ ಶೇ. 20ಕ್ಕಿಂತ ಕಡಿಮೆ ಇಳಿಕೆಯನ್ನು ಅಸಮರ್ಪಕ ಪ್ರತಿಕ್ರಿಯೆ ಎಂದು ಪರಿಗಣಿಸುವುದು ಈಚಿನ ರೂಢಿ. ಆದರೆ ಈ ತೀರ್ಮಾನ ವರ್ಷ ಕಳೆದ ನಂತರದ ಮಾತು, ಎರಡನೆಯ ತಿಂಗಳಿನದಲ್ಲ.

ದಿನವೂ ತೂಕ ನೋಡುವುದಕ್ಕಿಂತ ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದಿಡುವುದು ಲೇಸು. ಸೊಂಟದ ಸುತ್ತಳತೆ, ರಕ್ತದೊತ್ತಡ, ರಕ್ತದ ಸಕ್ಕರೆ, ಏದುಸಿರಿಲ್ಲದೆ ಹತ್ತಬಲ್ಲ ಮೆಟ್ಟಿಲುಗಳ ಸಂಖ್ಯೆ ಇವನ್ನೂ ಪಕ್ಕದಲ್ಲಿ ಬರೆದುಕೊಂಡರೆ, ತೂಕ ನಿಂತ ವಾರಗಳಲ್ಲಿಯೂ ಸುಧಾರಣೆ ಕಾಣುವುದುಂಟು.

ಆಹಾರ ಮತ್ತು ದಿನಚರಿ

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ಸಲಹೆ. ಇದು ಸಾಲದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗಿ, ಶಕ್ತಿವ್ಯಯ ಮತ್ತಷ್ಟು ತಗ್ಗುತ್ತದೆ. ಅನ್ನ, ತಿಳಿಸಾರು, ಗಂಜಿಯನ್ನೇ ನೆಚ್ಚಿದ ಊಟದಲ್ಲಿ ಈ ಪ್ರಮಾಣ ಒದಗುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, ಅಷ್ಟೇ ಮೊಸರಿನಲ್ಲಿ ಮೂರು ನಾಲ್ಕು ಗ್ರಾಂ ಪ್ರೋಟೀನು ಇರುತ್ತದೆ. ಒಣ ಸೋಯಾ ತುಂಡುಗಳ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪ್ರೋಟೀನೇ. ಆದುದರಿಂದ ತಟ್ಟೆಯಲ್ಲಿ ಗಟ್ಟಿ ಬೇಳೆ, ಕಾಳು, ಮೊಟ್ಟೆ ಅಥವಾ ಮೀನನ್ನು ಮೊದಲು ತಿಂದು, ಜಾಗ ಉಳಿದರೆ ಅನ್ನಕ್ಕೆ ಕೈಹಾಕುವುದು ಸರಿಯಾದ ಕ್ರಮ.

ಚೆನ್ನಾಗಿ ಅಗಿಯಬೇಕೆಂಬ ನಿಯಮ ಹಳೆಯ ಮೈಸೂರು ಸೀಮೆಯವರಿಗೆ ಒಂದು ತೊಡಕನ್ನು ತರುತ್ತದೆ. ಅಲ್ಲಿ ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದು ರೂಢಿ. ಅಗಿದರೆ ನಗುವವರೂ ಇದ್ದಾರೆ. ಕಿರಿದಾದ ಜಠರದಲ್ಲಿ ಅಂಟಂಟಾದ ತುತ್ತು ಸಿಲುಕಿ ಎದೆನೋವು, ವಾಂತಿ ಆಗಬಹುದು. ಇದಕ್ಕೆ ತದ್ವಿರುದ್ಧವಾಗಿ ಬಿಸ್ಕತ್ತು, ಚಕ್ಕುಲಿ, ಖಾರ ಮಂಡಕ್ಕಿ, ಐಸ್‌ಕ್ರೀಮ್ ಯಾವ ತಡೆಯೂ ಇಲ್ಲದೆ ಇಳಿದುಹೋಗುತ್ತವೆ; ಹೊಟ್ಟೆ ತುಂಬಿದ ಅರಿವೂ ಬರುವುದಿಲ್ಲ. ಸಕ್ಕರೆ ಹಾಕಿದ ಕಾಫಿ, ಹಣ್ಣಿನ ರಸಗಳೂ ಹಾಗೆಯೇ. ನಿಧಾನ ಇಳಿಕೆಯ ಕಾರಣ ಹುಡುಕುವಾಗ ಊಟದ ತಟ್ಟೆಗಿಂತ ಮೊದಲು ಊಟಗಳ ನಡುವಣ ಹೊತ್ತನ್ನು ನೋಡಬೇಕು.

ನೀರನ್ನು ಊಟದೊಂದಿಗೆ ಕುಡಿಯದೆ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ನಡಿಗೆಯ ಜೊತೆಗೆ, ವೈದ್ಯರು ಒಪ್ಪಿದ ಮೇಲೆ, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. ತೂಕ ನಿಂತಿತೆಂದು ಸಂಕಷ್ಟಿ, ಏಕಾದಶಿಗಳ ಜೊತೆಗೆ ಹೊಸ ಉಪವಾಸಗಳನ್ನು ಸೇರಿಸಿಕೊಳ್ಳುವುದು ತಪ್ಪು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಪೂರಕ ಮಾತ್ರೆಗಳಿಗೂ ತೂಕಕ್ಕೂ ಸಂಬಂಧವಿಲ್ಲ. ಅವು ದೀರ್ಘಕಾಲ, ಬಹುಮಟ್ಟಿಗೆ ಜೀವನಪರ್ಯಂತ ಬೇಕಾದವು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಎಲ್ಲ ನಿಧಾನಗತಿಯೂ ಸಹಜವಲ್ಲ. ಥೈರಾಯ್ಡ್ ಸ್ರಾವದ ಕೊರತೆ, ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಖಿನ್ನತೆಯ ಔಷಧಿಗಳು ತೂಕ ಇಳಿಯದಂತೆ ತಡೆಯಬಲ್ಲವು. ಇಂಥ ಔಷಧಿಯನ್ನು ರೋಗಿ ತಾನಾಗಿ ನಿಲ್ಲಿಸಬಾರದು. ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಬೇಕು. ಕೆಲವು ತಿಂಗಳು ಕಳೆದರೂ ಇಳಿಕೆ ಇಲ್ಲದಿದ್ದರೆ, ಇಳಿದ ತೂಕ ಬೇಗನೆ ಮರಳುತ್ತಿದ್ದರೆ, ಹಸಿವು ಹಿಂದಿನಂತೆಯೇ ಆದರೆ ತಪಾಸಣೆ ಅಗತ್ಯ. ಬಿಡದ ವಾಂತಿಯನ್ನು 'ಹೇಗೂ ತೂಕ ಇಳಿಯುತ್ತಿದೆ' ಎಂದು ಸಹಿಸಿಕೊಂಡಿರುವುದು ಅಪಾಯಕಾರಿ: ಥಯಮಿನ್ ಕೊರತೆಯಿಂದ ನರಮಂಡಲಕ್ಕೆ ಶಾಶ್ವತ ಹಾನಿಯಾಗಬಹುದು. ವಾಂತಿಯೊಂದಿಗೆ ನಡಿಗೆಯಲ್ಲಿ ತೂರಾಟ, ದೃಷ್ಟಿಯಲ್ಲಿ ಗೊಂದಲ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮನಸ್ಸಿನ ಮೇಲಿನ ಪರಿಣಾಮ

'ಆಪರೇಷನ್ ಮಾಡಿಸಿಕೊಂಡರೂ ಇಷ್ಟೇನಾ?' ಎಂಬ ಪ್ರಶ್ನೆ ಮದುವೆಮನೆಯಲ್ಲಿ ಎದುರಾಗುತ್ತದೆ. 'ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ' ಎಂಬ ಒತ್ತಾಯವೂ ಅಲ್ಲಿಯೇ, ಬಹುಶಃ ಅದೇ ಬಾಯಿಂದ, ಬರುತ್ತದೆ. ನಾಚಿಕೆಯಿಂದ ವೈದ್ಯರ ಬಳಿಗೆ ಹೋಗುವುದನ್ನೇ ನಿಲ್ಲಿಸುವವರು ಅನೇಕರು, ಹಾಗೂ ಅವರಲ್ಲಿಯೇ ಪೋಷಕಾಂಶದ ಕೊರತೆಗಳು ತಡವಾಗಿ ಪತ್ತೆಯಾಗುವುದು. ಬೇಸರಕ್ಕೆ ತಿನ್ನುವ ಅಭ್ಯಾಸವಿದ್ದವರಿಗೆ ಆ ಆಸರೆಯೂ ತಪ್ಪಿರುತ್ತದೆ. ಬೈಪಾಸ್ ನಂತರ ಮದ್ಯ ಬೇಗ ರಕ್ತಕ್ಕೆ ಸೇರುವುದರಿಂದ ಅದರ ಚಟಕ್ಕೆ ಬೀಳುವ ಅಪಾಯವೂ ಇದೆ. ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಪ್ರಸಂಗಗಳು ಹೆಚ್ಚಾಗಿರುವುದನ್ನು ಹಲವು ಅಧ್ಯಯನಗಳು ಗುರುತಿಸಿರುವುದರಿಂದ, ನಿರಂತರ ದುಗುಡವನ್ನು ಮನೆಯವರು ಹಗುರವಾಗಿ ಕಾಣಬಾರದು. ಭಾರತ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಮುಂದಿನ ಚಿಕಿತ್ಸೆಗಳು

ಆಹಾರ, ಔಷಧಿಗಳ ಪರಿಶೀಲನೆಯಿಂದ ಪ್ರಯೋಜನವಾಗದಿದ್ದರೆ ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್‌ರೇ ಮೂಲಕ ಜಠರದ ಈಗಿನ ಆಕಾರವನ್ನು ನೋಡಲಾಗುತ್ತದೆ. ಸ್ಲೀವ್ ಹಿಗ್ಗಿರಬಹುದು; ಬೈಪಾಸ್‌ನಲ್ಲಿ ಚೀಲಕ್ಕೂ ಹಳೆಯ ಜಠರಕ್ಕೂ ನಡುವೆ ದಾರಿ ಬಿಟ್ಟುಕೊಂಡಿರಬಹುದು. ಲಿರಾಗ್ಲುಟೈಡ್, ಸೆಮಾಗ್ಲುಟೈಡ್‌ನಂಥ ಔಷಧಿಗಳನ್ನು ವೈದ್ಯರ ನಿಗಾದಲ್ಲಿ ಬಳಸುವುದು ಈಚೆಗೆ ಹೆಚ್ಚಾಗಿದೆ. ಮರುಶಸ್ತ್ರಚಿಕಿತ್ಸೆಯೂ ಸಾಧ್ಯ, ಆದರೆ ಅದರಲ್ಲಿ ತೊಡಕುಗಳ ಸಂಭವ ಮೊದಲನೆಯದಕ್ಕಿಂತ ಹೆಚ್ಚಿರುವುದರಿಂದ ಇತರ ಮಾರ್ಗಗಳನ್ನು ಪರಿಶೀಲಿಸಿದ ನಂತರವೇ ಅದನ್ನು ಸೂಚಿಸಲಾಗುತ್ತದೆ.